ಹನ್ನೊಂದು ಸಲವೋ, ಹನ್ನೆರಡು ಸಲವೋ?

ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇಲ್ಲಿ ಒಂದು ಮಾತು ಬರೆದಿದ್ದೆ. ನಮ್ಮ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಅರ್ಧದಷ್ಟು ಒಂದೇ ಬರಹ ಮತ್ತೆ ಮತ್ತೆ ಬರುವಂಥದ್ದು, ಅಲ್ಲೇ ಬದಲಾವಣೆ ಜಾಸ್ತಿ ಅಂತ. ಅಷ್ಟು ಹೇಳಿ ಮುಂದೆ ಹೋಗಿಬಿಟ್ಟೆ. ನೀವು ಬಿಡಲಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಮಾತನ್ನೇ ಹಿಡಿದು ಕೇಳಿವೆ. ಹಾಗಾಗಿ ಈ ತಿಂಗಳು ಬೇರೆ ವಿಷಯ ಎತ್ತಿಕೊಂಡಿಲ್ಲ.

ಪ್ರಶ್ನೆ: ಒಂದೇ ಬರಹ ಮತ್ತೆ ಮತ್ತೆ ಬಂದರೆ ನಕಲು ಮಾಡುವುದು ಸುಲಭ ಆಗಬೇಕಲ್ವಾ? ಅಲ್ಲೇ ತಪ್ಪು ಜಾಸ್ತಿ ಹೇಗೆ?
(ದಾವಣಗೆರೆಯ ದ್ವಿತೀಯ ಪಿಯುಸಿ ವಿದ್ಯಾರ್ಥಿ)

ನನ್ನ ಅಪ್ಪ ದಾವಣಗೆರೆಯ ಹಳೇ ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರಗಳನ್ನು ಖಾನೆಯಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಮದುವೆ ಕಾಲಕ್ಕೆ ಲಗ್ನಪತ್ರಿಕೆ, ದುಗ್ಗಮ್ಮನ ಜಾತ್ರೆ ಬಂದರೆ ಹ್ಯಾಂಡ್‌ಬಿಲ್ಲು, ಶ್ರಾವಣಕ್ಕೆ ಭಜನೆ ಪುಸ್ತಕ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಪ್ರೂಫ್ ನೋಡಲು ಕೂರುತ್ತಿದ್ದೆ. ಅಪ್ಪ ಮೂಲ ಪ್ರತಿ ಹಿಡಿದು ಜೋರಾಗಿ ಓದುತ್ತಿದ್ದರು. ನಾನು ಅಚ್ಚಾದ ಹಾಳೆಯ ಮೇಲೆ ಬೆರಳು ಸರಿಸುತ್ತಾ ಹೋಗುತ್ತಿದ್ದೆ.

ಅಪ್ಪನ ಕೈಯಲ್ಲಿ ಅಕ್ಷರ ತಪ್ಪುವುದು ಅಪರೂಪ. ಆದರೆ ಒಂದು ಭಜನೆ ಪುಸ್ತಕದಲ್ಲಿ ‘ಓಂ ನಮಃ ಶಿವಾಯ’ ಅಂತ ಸಾಲಾಗಿ ಹನ್ನೊಂದು ಸಲ ಬರಬೇಕಿತ್ತು. ಅಚ್ಚಿನಲ್ಲಿ ಹನ್ನೆರಡು ಬಂತು. ಮುಂದಿನ ವರ್ಷ ಮತ್ತೆ ಜೋಡಿಸಿದಾಗ ಹತ್ತೇ ಬಂತು. ಒತ್ತು, ದೀರ್ಘ, ವಿಸರ್ಗ ಎಲ್ಲ ಸರಿ. ಲೆಕ್ಕ ಮಾತ್ರ ತಪ್ಪು. ಮೊಳೆ ಹೆಕ್ಕಲು ಕಣ್ಣು ಖಾನೆಯ ಕಡೆ ಹೋಗಿ ವಾಪಸ್ ಬಂದಾಗ, ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ತಿಳಿಯುವುದಿಲ್ಲ. ಪ್ರತಿ ಸಾಲೂ ಒಂದೇ ಥರ ಇರುವಾಗ ಗುರುತು ಹಿಡಿಯುವುದು ಯಾವುದನ್ನು? ಪ್ರೂಫ್ ನೋಡುವಾಗ ನನಗೂ ಅದು ಕಾಣಲಿಲ್ಲ.

ಜೀವಕೋಶದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಡಿಎನ್‌ಎ ಎರಡು ಎಳೆಯ ಹಗ್ಗ. ಅದರ ಅಕ್ಷರಗಳು ನಾಲ್ಕೇ: ಎ, ಸಿ, ಜಿ, ಟಿ. ನಕಲಾಗುವಾಗ ಎಳೆಗಳು ಬಿಚ್ಚಿಕೊಳ್ಳುತ್ತವೆ, ಹಳೆ ಎಳೆಗೆ ಹೊಂದಿಕೊಂಡು ಹೊಸ ಎಳೆ ಬೆಳೆಯುತ್ತದೆ. ‘ಸಿಎ ಸಿಎ ಸಿಎ’ ಅಂತ ಇಪ್ಪತ್ತು ಸಲ ಬರುವ ಜಾಗದಲ್ಲಿ ಹೊಸ ಎಳೆ ಒಂದು ಗಳಿಗೆ ಸಡಿಲವಾಗಿ ಮತ್ತೆ ಕೂರುತ್ತದೆ ಅಂದುಕೊಳ್ಳಿ. ಒಂದು ಮನೆ ಆಚೀಚೆ ಕೂತರೂ ಜೋಡಿ ಹೊಂದುತ್ತದೆ. ಹೊಸ ಎಳೆಯಲ್ಲಿ ಒಂದು ಕುಣಿಕೆ ಉಳಿದರೆ ನಕಲು ಉದ್ದವಾಯಿತು. ಹಳೆ ಎಳೆಯಲ್ಲಿ ಉಳಿದರೆ ಗಿಡ್ಡವಾಯಿತು. ಜೀವಕೋಶದಲ್ಲೂ ಪ್ರೂಫ್ ನೋಡುವ ಪ್ರೋಟೀನುಗಳಿವೆ. ಬಹಳಷ್ಟು ತಪ್ಪುಗಳನ್ನು ಅವು ಹಿಡಿದು ತಿದ್ದುತ್ತವೆ. ಆದರೂ ಕೆಲವು ನುಸುಳುತ್ತವೆ.

ಎಷ್ಟು ನುಸುಳುತ್ತವೆ? ಮಾಮೂಲಿ ಜಾಗದಲ್ಲಿ ಒಂದು ಅಕ್ಷರ ಒಂದು ತಲೆಮಾರಿನಲ್ಲಿ ಬದಲಾಗುವ ಸಾಧ್ಯತೆ ಸುಮಾರು 10 ಕೋಟಿಗೆ ಒಂದು. ಇಂಥ ಗಿಡ್ಡ ಪದ ಮರುಕಳಿಸುವ ಜಾಗದಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು. ಎರಡಕ್ಕೂ ಎಷ್ಟು ದೂರ ನೋಡಿ.

ಇದನ್ನು ಐಸ್‌ಲ್ಯಾಂಡಿನಲ್ಲಿ ಚೆನ್ನಾಗಿ ಎಣಿಸಿದ್ದಾರೆ. ಅಲ್ಲಿನ 85,289 ಜನರಲ್ಲಿ ಇಂಥ 2,477 ಜಾಗಗಳನ್ನು ನೋಡಿ, ಅಪ್ಪ ಅಮ್ಮನಲ್ಲಿ ಇಲ್ಲದೆ ಮಕ್ಕಳಲ್ಲಿ ಹೊಸದಾಗಿ ಕಂಡ ಬದಲಾವಣೆಗಳನ್ನು ಲೆಕ್ಕ ಹಾಕಿದರು. 2012ರಲ್ಲಿ ಪ್ರಕಟವಾಯಿತು. ಸಿಕ್ಕಿದ ಬದಲಾವಣೆಗಳು 2,058. ಅಪ್ಪನಿಂದ ಬಂದವು ಅಮ್ಮನಿಂದ ಬಂದವುಗಳ ಮೂರು ಪಟ್ಟಿಗೂ ಹೆಚ್ಚು. ಅಪ್ಪನ ವಯಸ್ಸು 20ರಿಂದ 58ಕ್ಕೆ ಹೋಗುವಷ್ಟರಲ್ಲಿ ಬದಲಾವಣೆಯ ವೇಗ ಎರಡರಷ್ಟಾಗುತ್ತದೆ. ಅಮ್ಮನ ವಯಸ್ಸಿಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಕಾರಣ ಇದೆ. ಹೆಣ್ಣುಮಗು ಹುಟ್ಟುವ ಮೊದಲೇ ಅದರ ಅಂಡಕೋಶಗಳು ತಯಾರಾಗಿರುತ್ತವೆ. ಗಂಡಸಿನಲ್ಲಿ ವೀರ್ಯ ತಯಾರಾಗುವ ಕೆಲಸ ಜೀವಮಾನವಿಡೀ ನಡೆಯುತ್ತದೆ. ಜಾಸ್ತಿ ಸಲ ನಕಲು, ಜಾಸ್ತಿ ಜಾರಿಕೆ.

ಆ ಅಧ್ಯಯನದಲ್ಲಿ ನನಗೆ ಅತಿ ಇಷ್ಟವಾದದ್ದು ಇನ್ನೊಂದು. ಉದ್ದವಾಗಿ ಬೆಳೆದ ಸಾಲುಗಳು ಗಿಡ್ಡವಾಗುವ ಕಡೆಗೆ ಜಾರುತ್ತವೆ, ಗಿಡ್ಡ ಸಾಲುಗಳು ಉದ್ದವಾಗುವ ಕಡೆಗೆ. ಹಾಗಾಗಿ ಇವು ಒಂದೇ ದಿಕ್ಕಿಗೆ ಬೆಳೆಯುತ್ತಾ ಹೋಗುವುದಿಲ್ಲ.

ಹೋದ ತಿಂಗಳ ಮಾತನ್ನೂ ಇಲ್ಲೇ ತಿದ್ದುತ್ತೇನೆ. ಹೀಗೆ ಒಂದರ ಪಕ್ಕ ಒಂದು ನಿಂತು ಜಾರುವ ಗಿಡ್ಡ ಪದಗಳು ಡಿಎನ್‌ಎಯಲ್ಲಿ ಶೇ. 3ರಷ್ಟು ಮಾತ್ರ. ಅರ್ಧ ಅಂತ ನಾನು ಹೇಳಿದ್ದರಲ್ಲಿ ಹೆಚ್ಚಿನ ಪಾಲು ಬೇರೆ ಜಾತಿಯದು. ಅದು ಜಿಗಿದು ಜಿಗಿದು ಹರಡಿದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನನ್ನ ತಪ್ಪು. ಜಿಗಿಯುವ ಜಾತಿಯ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ: ಕೋಟೆಯಲ್ಲಿ ಹಿಡಿಂಬೇಶ್ವರ ಗುಡಿ ಹತ್ತಿರ ಒಂದು ಕೋತಿ ನನ್ನ ಕೈಯಿಂದ ಸೌತೆಕಾಯಿ ಕಿತ್ತುಕೊಂಡು ಬಂಡೆ ಹತ್ತಿತು. ಬಾಲ ಅಷ್ಟುದ್ದ ಇತ್ತು. ನಮಗೂ ಕೋತಿಗೂ ಹಿರೀಕರು ಒಬ್ಬರೇ ಅಂತ ಟೀಚರ್ ಹೇಳಿದರು. ಹಾಗಾದರೆ ನಮ್ಮ ಬಾಲ ಎಲ್ಲಿ ಹೋಯಿತು?
(ಚಿತ್ರದುರ್ಗದ 7ನೇ ತರಗತಿಯ ಹುಡುಗಿ)

ಪುಟ್ಟಿ, ನಿನ್ನ ಪ್ರಶ್ನೆಯನ್ನೇ ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿ ಕೇಳಿಕೊಂಡ. ಹೆಸರು ಬೋ ಶಿಯಾ. ಕಾರಿನಲ್ಲಿ ಹೋಗುವಾಗ ಬೆನ್ನಿನ ತುದಿಯ ಬಾಲಮೂಳೆಗೆ ಪೆಟ್ಟಾಯಿತು. ನೋವು ತಿಂಗಳುಗಟ್ಟಲೆ ಕಾಡಿತು. ಬಾಲವೇ ಇಲ್ಲದ ಮೇಲೆ ಈ ಮೂಳೆ ಯಾಕೆ, ಬಾಲ ಹೋದದ್ದು ಹೇಗೆ ಅಂತ ಹುಡುಕಲು ಕೂತ. ಅವನೂ ಅವನ ಜೊತೆಗಾರರೂ ಕಂಡುಕೊಂಡದ್ದು 2024ರಲ್ಲಿ ಪ್ರಕಟವಾಯಿತು.

ಉತ್ತರ ಅರ್ಥವಾಗಲು ನಿನಗೆ ‘ಆಲು’ ಗೊತ್ತಿರಬೇಕು. ಆಲೂಗಡ್ಡೆ ಅಲ್ಲ. ಆಲು ಅಂದರೆ ಸುಮಾರು 300 ಅಕ್ಷರದ ಒಂದು ಡಿಎನ್‌ಎ ತುಂಡು, ಮೇಲೆ ಹೇಳಿದ ಜಿಗಿಯುವ ಜಾತಿಯದು. ಅದರ ನಕಲು ತಯಾರಾಗುತ್ತದೆ, ನಕಲು ಹೋಗಿ ಇನ್ನೆಲ್ಲೋ ಸೇರಿಕೊಳ್ಳುತ್ತದೆ. ಹೀಗೆ ಕೋಟ್ಯಂತರ ವರ್ಷ ನಡೆದು ಇವತ್ತು ನಿನ್ನ ಒಂದೊಂದು ಜೀವಕೋಶದಲ್ಲೂ ಆಲುವಿನ 10 ಲಕ್ಷಕ್ಕೂ ಹೆಚ್ಚು ಪ್ರತಿಗಳಿವೆ. ನಮ್ಮ ಡಿಎನ್‌ಎಯಲ್ಲಿ ಸುಮಾರು ಹತ್ತನೇ ಒಂದು ಪಾಲು ಬರೀ ಆಲು. ಕೋತಿ, ಮುಸುವ, ಚಿಂಪಾಂಜಿ, ಮನುಷ್ಯ, ಎಲ್ಲರಲ್ಲೂ ಆಲು ಇದೆ. ದನದಲ್ಲಿ, ನಾಯಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದು ನಮ್ಮ ವಂಶದ ಗುರುತು.

ಈಗ ಬಾಲಕ್ಕೆ ಬರೋಣ. ಬಾಲ ಬೆಳೆಯಲು ಬೇಕಾದ ಜೀನ್‌ಗಳಲ್ಲಿ ಒಂದು ಟಿಬಿಎಕ್ಸ್‌ಟಿ. ಜೀನ್ ಅಂದರೆ ದೇಹ ಕಟ್ಟುವ ಸೂಚನೆ ಬರೆದಿರುವ ಡಿಎನ್‌ಎ ಭಾಗ. ಅದು ಒಂದೇ ಉದ್ದ ವಾಕ್ಯ ಅಲ್ಲ, ತುಂಡು ತುಂಡಾಗಿ ಬರೆದಿರುತ್ತದೆ. ನಡುವೆ ಖಾಲಿ ಜಾಗ. ಜೀವಕೋಶ ಖಾಲಿ ಜಾಗ ಕತ್ತರಿಸಿ ತುಂಡುಗಳನ್ನು ಅಂಟಿಸಿ ಓದುತ್ತದೆ. ಈ ಜೀನಿನ ಆರನೇ ತುಂಡಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಹಳೆಯ ಆಲು ಇತ್ತು. ಅದು ಕೋತಿಗೂ ಇದೆ. ಸುಮಾರು 2.5 ಕೋಟಿ ವರ್ಷದ ಹಿಂದೆ ಯಾವುದೋ ಒಂದು ಪ್ರಾಣಿಯಲ್ಲಿ ಆರನೇ ತುಂಡಿನ ಮುಂದೆಯೂ ಒಂದು ಹೊಸ ಆಲು ಬಂದು ಕೂತಿತು. ಅದೂ ತಿರುವುಮುರುವಾಗಿ. ನಿನ್ನ ಫ್ರಾಕಿನ ಪ್ರೆಸ್ ಬಟನ್ ನೋಡು. ಎರಡು ಗುಂಡಿ ಎದುರುಬದುರು ಕಚ್ಚಿಕೊಂಡರೆ ನಡುವಿನ ಬಟ್ಟೆ ಮಡಚಿಕೊಳ್ಳುತ್ತದೆ ಅಲ್ವಾ? ಹಾಗೇ ಎರಡು ಆಲುಗಳು ಕಚ್ಚಿಕೊಂಡವು, ನಡುವಿನ ಆರನೇ ತುಂಡು ಮಡಿಕೆಯಲ್ಲಿ ಸಿಕ್ಕಿಕೊಂಡು ಓದಿನಿಂದ ಬಿಟ್ಟುಹೋಯಿತು.

ನಮ್ಮ ದೇಹದಲ್ಲಿ ಈ ಜೀನನ್ನು ಎರಡೂ ಥರ ಓದಲಾಗುತ್ತದೆ, ಆರನೇ ತುಂಡು ಸೇರಿಸಿ ಮತ್ತು ಬಿಟ್ಟು. ಇಲಿಗಳಲ್ಲೂ ಹಾಗೇ ಎರಡು ಥರ ಓದುವಂತೆ ಮಾಡಿ ನೋಡಿದರು. ಕೆಲವು ಮರಿಗಳು ಮೋಟು ಬಾಲದವು, ಕೆಲವು ಬಾಲವೇ ಇಲ್ಲದವು. ಕೆಲವು ಮರಿಗಳ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ತೊಂದರೆಯೂ ಆಯಿತು. ಬಾಲ ಹೋಗಲು ಇದೊಂದೇ ಕಾರಣ ಅಂತ ಅವರೂ ಹೇಳಿಲ್ಲ. ಬೇರೆ ಬದಲಾವಣೆಗಳೂ ಕೈಗೂಡಿಸಿರಬಹುದು.

ನೀನು ನೆನಪಿಟ್ಟುಕೊಳ್ಳಬೇಕಾದದ್ದು ಈ ಹೊಸ ಆಲು ಯಾರಲ್ಲಿದೆ ಅನ್ನುವುದು. ಗಿಬ್ಬನ್, ಒರಾಂಗುಟನ್, ಗೊರಿಲ್ಲಾ, ಚಿಂಪಾಂಜಿ, ನಾವು. ಎಲ್ಲರಲ್ಲೂ ಅದೇ ಜಾಗದಲ್ಲಿ ಇದೆ. ಇವರಾರಿಗೂ ಬಾಲ ಇಲ್ಲ. ಸೌತೆಕಾಯಿ ಕಿತ್ತುಕೊಂಡ ಕೋತಿಯಲ್ಲಿ ಅದು ಇಲ್ಲ.

ನಮ್ಮ ಪ್ರೆಸ್ಸಿನಲ್ಲಿ ಒಮ್ಮೆ ಗಣಪತಿಯ ಚಿತ್ರದ ಬ್ಲಾಕ್ ಒಂದು ಪುಟದ ನಡುವೆ ತಪ್ಪಾಗಿ ಸೇರಿ ಅಚ್ಚಾಯಿತು. ಆಮೇಲೆ ಆ ಪುಸ್ತಕ ನೋಡಿ ಮರುಮುದ್ರಣ ಮಾಡಿದವರೆಲ್ಲ ಗಣಪತಿಯನ್ನೂ ಅಲ್ಲೇ ಇಟ್ಟರು. ಹನ್ನೊಂದು ಹನ್ನೆರಡಾಗುವ ತಪ್ಪು ಎರಡು ಬೇರೆ ಪ್ರೆಸ್ಸುಗಳಲ್ಲಿ ತಾನಾಗೇ ಆಗಬಹುದು. ಆದರೆ ಅದೇ ಪುಟದ ಅದೇ ಸಾಲಿನ ಕೆಳಗೆ ಅದೇ ಗಣಪತಿ ಎರಡು ಸಲ ತಾನಾಗಿ ಬಂದು ಕೂರುವುದಿಲ್ಲ. ಅದನ್ನು ಕಂಡರೆ ಎರಡೂ ಒಂದೇ ಪ್ರತಿಯಿಂದ ಇಳಿದದ್ದು ಅಂತ ಧೈರ್ಯವಾಗಿ ಹೇಳಬಹುದು. ಯಾವ ಪ್ರಾಣಿಗೆ ಯಾರು ಹತ್ತಿರದ ನೆಂಟರು ಅಂತ ಹೇಳಲು ಆಲುಗಳನ್ನು ನಂಬುವುದು ಇದಕ್ಕೇ.

ಇನ್ನು ಮುಂದೆ ಕೋಟೆಗೆ ಹೋದರೆ ಸೌತೆಕಾಯಿ ಚೀಲದೊಳಗೆ ಇರಲಿ. ಕೋತಿಗೆ ತಿಂಡಿ ರೂಢಿ ಮಾಡಿಸಿದರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ.

ಪ್ರಶ್ನೆ: ಮೆಕ್ಕೆಜೋಳದ ತೆನೆಯಲ್ಲಿ ಒಮ್ಮೊಮ್ಮೆ ಬಣ್ಣದ ಚುಕ್ಕೆ ಇರುವ ಕಾಳು ಬರುತ್ತವಂತೆ. ಜಿಗಿಯುವ ಡಿಎನ್‌ಎಗೂ ಅದಕ್ಕೂ ಸಂಬಂಧ ಇದೆಯಾ?
(ಜಗಳೂರು ತಾಲ್ಲೂಕಿನ ರೈತರು)

ಇದೆ. ಜಿಗಿಯುವ ತುಂಡುಗಳು ಮೊದಲು ಕಂಡದ್ದೇ ಮೆಕ್ಕೆಜೋಳದಲ್ಲಿ. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಕಾಳಿನ ಚುಕ್ಕೆ ನೋಡಿ ನೋಡಿಯೇ ಇದನ್ನು ಹಿಡಿದರು. ಬಣ್ಣದ ಜೀನಿನೊಳಗೆ ಒಂದು ತುಂಡು ಬಂದು ಕೂತರೆ ಬಣ್ಣ ಹೋಗುತ್ತದೆ. ಕಾಳು ಬೆಳೆಯುವಾಗ ಎಲ್ಲಾದರೂ ಅದು ಎದ್ದು ಹೋದರೆ ಅಲ್ಲಿ ಬಣ್ಣದ ಚುಕ್ಕೆ. ಬಹಳ ಕಾಲ ಜನ ನಂಬಲಿಲ್ಲ. 1983ರಲ್ಲಿ ನೊಬೆಲ್ ಬಂತು. ನಿಮ್ಮ ಹೊಲದ ಮೆಕ್ಕೆಜೋಳದ ಡಿಎನ್‌ಎಯಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಇಂಥ ತುಂಡುಗಳೇ.

ಪ್ರಶ್ನೆ: ಮನುಷ್ಯನಲ್ಲಿ ಈ ಮರುಕಳಿಸುವ ಗಿಡ್ಡ ಪದಗಳ ಸಾಲುಗಳು ಚಿಂಪಾಂಜಿಗಿಂತ ಉದ್ದ ಅಂತ ಓದಿದ್ದೆ. ನಿಜವೇ? ಇಬ್ಬರ ಡಿಎನ್‌ಎ ಶೇ. 99 ಒಂದೇ ಅನ್ನುತ್ತಾರಲ್ಲ, ಮರುಕಳಿಸುವ ಜಾಗಗಳೂ ಹಾಗೇನಾ?
(ಹೊಸದುರ್ಗದ ವಿಜ್ಞಾನ ಶಿಕ್ಷಕರು)

ಮೊದಲ ಪ್ರಶ್ನೆಯ ಹಿಂದೆ ಒಂದು ಒಳ್ಳೆಯ ಜಗಳ ಇದೆ. 1995ರಲ್ಲಿ ಒಂದು ತಂಡ ಮನುಷ್ಯನ ಸಾಲುಗಳೇ ಉದ್ದ ಅಂದಿತು. ಅದೇ ವರ್ಷ ಇನ್ನೊಂದು ತಂಡ ತಕರಾರು ತೆಗೆಯಿತು. ತಕರಾರು ಹೀಗೆ. ದಾವಣಗೆರೆಯ ಶಾಲೆಯಿಂದ ಅತಿ ಎತ್ತರದ ಹತ್ತು ಹುಡುಗರನ್ನು ಆರಿಸಿಕೊಳ್ಳಿ. ಚಿತ್ರದುರ್ಗದ ಶಾಲೆಯಿಂದ ಅದೇ ರೋಲ್ ನಂಬರಿನ ಹತ್ತು ಹುಡುಗರನ್ನು ಕರೆದು ಪಕ್ಕ ನಿಲ್ಲಿಸಿ. ದಾವಣಗೆರೆಯವರೇ ಎತ್ತರ ಕಾಣುತ್ತಾರೆ. ಅಳತೆ ತಪ್ಪಿಲ್ಲ, ಆರಿಸಿದ ರೀತಿ ತಪ್ಪು. ಪರೀಕ್ಷೆಗೆ ಬಳಸಿದ ಜಾಗಗಳನ್ನು ಮನುಷ್ಯನ ಡಿಎನ್‌ಎಯಿಂದಲೇ, ಅದೂ ಉದ್ದ ಇರುವುದನ್ನು ನೋಡಿ ಆರಿಸಿದ್ದರು. ಎರಡೂ ಕಡೆಯಿಂದ ಆರಿಸಿ ನೋಡದ ಹೋಲಿಕೆಯನ್ನು ನಂಬಬೇಡಿ. ನಿಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಿ ಸರ್. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಪಾಠ ಕಡಿಮೆ.

ಶೇ. 99ರ ಮಾತು ಅಕ್ಷರಕ್ಕೆ ಅಕ್ಷರ ಜೋಡಿಸಿ ನೋಡಬಹುದಾದ ಜಾಗಗಳಿಗೆ ಸರಿ. ಮರುಕಳಿಸುವ ಜಾಗಗಳಿಗೆ ಸರಿಯಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಕಟ್ಟಿಗೆ ವರ್ಣತಂತು (ಕ್ರೋಮೋಸೋಮ್) ಅನ್ನುತ್ತಾರೆ. ಅದರ ಸೊಂಟದಲ್ಲಿ 171 ಅಕ್ಷರದ ಒಂದು ಪದ ಸಾವಿರಾರು ಸಲ ಬರುತ್ತದೆ. ನಮ್ಮಲ್ಲೂ ಚಿಂಪಾಂಜಿಯಲ್ಲೂ ಪದ ಅದೇ ಬಗೆಯದು. ಆದರೆ ಜೋಡಣೆ, ಎಷ್ಟು ಸಲ ಅನ್ನುವ ಲೆಕ್ಕ, ಎರಡೂ ಪೂರ್ತಿ ಬೇರೆ. ಇಬ್ಬರು ಮನುಷ್ಯರ ನಡುವೆಯೇ ಲಕ್ಷಾಂತರ ಅಕ್ಷರದ ವ್ಯತ್ಯಾಸ ಇರುತ್ತದೆ. 2003ರಲ್ಲಿ ಮನುಷ್ಯನ ಡಿಎನ್‌ಎ ಓದಿ ಮುಗಿಯಿತು ಅಂದಾಗ ಸುಮಾರು ಶೇ. 8ರಷ್ಟು ಬಿಟ್ಟುಹೋಗಿತ್ತು. ಬಿಟ್ಟದ್ದರಲ್ಲಿ ಹೆಚ್ಚಿನದು ಇಂಥ ಜಾಗಗಳೇ. ಭಜನೆ ಪುಸ್ತಕ ಹರಿದು ಚೂರಾದರೆ ‘ಓಂ ನಮಃ ಶಿವಾಯ’ದ ಯಾವ ಚೂರು ಯಾವುದರ ಪಕ್ಕದ್ದು ಅಂತ ಜೋಡಿಸಲು ಆಗುತ್ತದೆಯೇ? ಉದ್ದುದ್ದ ಚೂರುಗಳನ್ನೇ ಓದುವ ಯಂತ್ರ ಬಂದ ಮೇಲೆ, 2022ರಲ್ಲಿ ಆ ಖಾಲಿ ಜಾಗಗಳು ತುಂಬಿದವು.

ಒಂದು ಸೊಗಸಾದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಚಿಂಪಾಂಜಿಗೆ 24 ಜೋಡಿ ವರ್ಣತಂತು, ನಮಗೆ 23. ಪ್ರತಿ ವರ್ಣತಂತುವಿನ ತುದಿಗೂ ‘ಟಿಟಿಎಜಿಜಿಜಿ’ ಅನ್ನುವ ಪದದ ಗೊಂಡೆ ಇರುತ್ತದೆ. ನಮ್ಮ 2ನೇ ವರ್ಣತಂತುವಿನಲ್ಲಿ ಆ ಗೊಂಡೆ ನಡುವೆಯೂ ಇದೆ, ಎರಡು ಗೊಂಡೆಗಳನ್ನು ತುದಿಗೆ ತುದಿ ಸೇರಿಸಿದ ಹಾಗೆ. ಎರಡು ಸೆರಗು ಸೇರಿಸಿ ಹೊಲಿದ ಹೊಲಿಗೆ ಅದು. ಹಿಂದೆ ಬೇರೆಬೇರೆ ಇದ್ದ ಎರಡು ವರ್ಣತಂತುಗಳು ನಮ್ಮ ವಂಶದಲ್ಲಿ ಕೂಡಿಕೊಂಡವು. ಇದನ್ನು 1991ರಲ್ಲಿ ತೋರಿಸಿದರು.

ಪ್ರಶ್ನೆ: ಪೊಲೀಸರು ಡಿಎನ್‌ಎ ಪರೀಕ್ಷೆಯಲ್ಲಿ ನೋಡುವುದೂ ಇದನ್ನೇನಾ?
(ಹರಿಹರದಿಂದ)

ಇದನ್ನೇ. 1984ರ ಸೆಪ್ಟೆಂಬರ್ 10ರ ಬೆಳಗ್ಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಒಂದು ಎಕ್ಸ್‌ರೇ ಫಿಲಂ ತೊಳೆದು ನೋಡಿದರು. ಒಬ್ಬೊಬ್ಬರಿಗೂ ಬೇರೆಬೇರೆ ಪಟ್ಟಿ. ಮರುಕಳಿಸುವ ಸಾಲು ಯಾರಲ್ಲಿ ಎಷ್ಟು ಉದ್ದ ಅನ್ನುವುದರ ಚಿತ್ರ ಅದು. ಈಗ ಇನ್ನೂ ಗಿಡ್ಡ ಸಾಲುಗಳನ್ನು ಎಣಿಸುತ್ತಾರೆ. ಅಮೆರಿಕದಲ್ಲಿ ಮೊದಲು 13 ಜಾಗ ನೋಡುತ್ತಿದ್ದರು, 2017ರಿಂದ 20.

ನಮ್ಮ ದೇಶದಲ್ಲಿ ಈ ಕೆಲಸ ಬಂದದ್ದು ಹಾವಿನಿಂದ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಲಾಲ್ಜಿ ಸಿಂಗ್ ಪಟ್ಟೆ ಕಟ್ಟುಹಾವಿನ ಲಿಂಗ ವರ್ಣತಂತುವನ್ನು ಬಹಳ ವರ್ಷ ಓದಿದವರು. ಅಲ್ಲಿ ‘ಜಿಎಟಿಎ’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಆ ಪದವನ್ನೇ ಕೊಕ್ಕೆ ಮಾಡಿಕೊಂಡು ಮನುಷ್ಯರ ಡಿಎನ್‌ಎಗೆ ಹಾಕಿದಾಗ ಒಬ್ಬೊಬ್ಬರಿಗೂ ಬೇರೆ ಪಟ್ಟಿ ಸಿಕ್ಕಿತು. 1980ರ ದಶಕದ ಕೊನೆಗೆ ಅದು ನ್ಯಾಯಾಲಯಕ್ಕೂ ಹೋಯಿತು. ಹಾವಿನ ಲಿಂಗದ ಬಗ್ಗೆ ತಲೆಕೆಡಿಸಿಕೊಂಡ ಕೆಲಸ ತಂದೆ ಯಾರು ಅಂತ ಕೇಳುವ ಮಗುವಿಗೆ ಉತ್ತರ ಕೊಟ್ಟಿತು. ಇಂಥ ಓದಿನಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಲಾಲ್ಜಿ ಸಿಂಗರ ಕಥೆಯನ್ನು.

ಪ್ರಶ್ನೆ: ನನ್ನ ತಾತನಿಗೆ ಅರವತ್ತರ ಹತ್ತಿರ ಕೈಕಾಲು ತಾವಾಗೇ ಕುಣಿಯಲು ಶುರುವಾಯಿತು. ಅಪ್ಪನಿಗೆ ನಲವತ್ತನಾಲ್ಕಕ್ಕೇ ಶುರುವಾಗಿದೆ. ಮರೆವು, ಸಿಟ್ಟು ಜಾಸ್ತಿಯಾಗಿದೆ. ಊರಲ್ಲಿ ಗಾಳಿ ಸೋಕಿದೆ ಅನ್ನುತ್ತಾರೆ. ನನಗೆ 24. ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ನನಗೂ ಬರುತ್ತದೆಯೇ?
(ಹೊಳಲ್ಕೆರೆ ಕಡೆಯಿಂದ)

ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಮೊದಲು ಒಂದು ಮಾತು. ಇದು ಗಾಳಿ ಅಲ್ಲ, ಶಾಪ ಅಲ್ಲ. ನಾನು ಡಾಕ್ಟರ್ ಅಲ್ಲ, ಪತ್ರ ಓದಿ ಕಾಯಿಲೆ ಹೇಳುವ ಹಕ್ಕು ನನಗಿಲ್ಲ. ಕೈಕಾಲು ಹೀಗೆ ಆಡಲು ಹಲವು ಕಾರಣಗಳಿವೆ, ಕೆಲವಕ್ಕೆ ಚಿಕಿತ್ಸೆಯೂ ಇದೆ. ಆದರೆ ತಾತನಿಂದ ಅಪ್ಪನಿಗೆ, ಅದೂ ಬೇಗ ಅಂದಾಗ ಡಾಕ್ಟರುಗಳು ಯೋಚಿಸುವ ಕಾಯಿಲೆಗಳಲ್ಲಿ ಒಂದು ಹಂಟಿಂಗ್‌ಟನ್ ಕಾಯಿಲೆ. ನೀವು ಕೇಳಿದ್ದು ಅದರ ಬಗ್ಗೆಯೇ ಅಂತ ನನಗೆ ಅನಿಸುತ್ತದೆ.

ಒಂದು ಜೀನಿನಲ್ಲಿ ‘ಸಿಎಜಿ’ ಅನ್ನುವ ಪದ ಸಾಲಾಗಿ ಬರುತ್ತದೆ. ಎಲ್ಲರಲ್ಲೂ ಬರುತ್ತದೆ, ನನ್ನಲ್ಲೂ. 26 ಸಲದವರೆಗೆ ಏನೂ ಇಲ್ಲ. 27ರಿಂದ 35 ಇದ್ದರೆ ಅವರಿಗೆ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ಹೋಗುವಾಗ ಲೆಕ್ಕ ಏರಬಹುದು. 36ರಿಂದ 39 ಇದ್ದವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಯಸ್ಸಿದ್ದಷ್ಟರಲ್ಲಿ ಬಂದೇ ಬರುತ್ತದೆ. ಲೆಕ್ಕ ಹೆಚ್ಚಿದಷ್ಟೂ ಸಾಮಾನ್ಯವಾಗಿ ಬೇಗ ಶುರು. ಉದ್ದ ಸಾಲು ಅಪ್ಪನಿಂದ ಮಕ್ಕಳಿಗೆ ಹೋಗುವಾಗ ಇನ್ನೂ ಉದ್ದವಾಗುವುದು ಜಾಸ್ತಿ. ತಲೆಮಾರಿನಿಂದ ತಲೆಮಾರಿಗೆ ಬೇಗ ಬರುವುದು ಇದಕ್ಕೇ. ಈ ಜೀನ್ ಸಿಕ್ಕಿದ್ದು 1993ರಲ್ಲಿ. ವೆನಿಜುವೆಲಾದ ಮರಕೈಬೊ ಸರೋವರದ ದಂಡೆಯಲ್ಲಿ ಈ ಕಾಯಿಲೆ ಹೊತ್ತ ದೊಡ್ಡ ದೊಡ್ಡ ಕುಟುಂಬಗಳಿವೆ. ಅವರು ಕೊಟ್ಟ ರಕ್ತದಿಂದ ಆ ದಾರಿ ತೆರೆಯಿತು. 2025ರ ಜನವರಿಯಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು. ಹುಟ್ಟುವಾಗ 40 ಚಿಲ್ಲರೆ ಇದ್ದ ಸಾಲು ಮಿದುಳಿನ ಕೆಲವು ಕೋಶಗಳಲ್ಲಿ ದಶಕಗಳ ಕಾಲ ಬೆಳೆಯುತ್ತಾ ಹೋಗಿ, 150 ದಾಟಿದ ಮೇಲೆ ಆ ಕೋಶ ಕೆಡುತ್ತದೆ. ಆ ಬೆಳವಣಿಗೆಯನ್ನೇ ತಡೆಯಬಹುದೇ ಅಂತ ಈಗ ಹುಡುಕಾಟ ನಡೆದಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಅಪ್ಪನಿಗೆ ಇರುವುದು ಇದೇ ಆಗಿದ್ದರೆ, ನಿಮಗೆ ಅವರ ಉದ್ದ ಸಾಲು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿಲ್ಲ ಅಂದರೆ ನಿಮ್ಮ ಮಕ್ಕಳಿಗೂ ಅದು ಹೋಗುವುದಿಲ್ಲ.

ಮೊದಲು ಅಪ್ಪನನ್ನು ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆಯೂ ಇದೆ, ಪರೀಕ್ಷೆಗೆ ಮೊದಲು ಕೂತು ಮಾತಾಡುವವರೂ ಇದ್ದಾರೆ. ಅಪ್ಪನ ಕಾಯಿಲೆ ಯಾವುದು ಅಂತ ತಿಳಿದ ಮೇಲೆ ನಿಮ್ಮ ಸರದಿ. ಆಗಲೂ ಪರೀಕ್ಷೆ ಮಾಡಿಸಲೇಬೇಕು ಅಂತಿಲ್ಲ. ತಿಳಿದುಕೊಳ್ಳುವುದೂ ನಿಮ್ಮ ಹಕ್ಕು, ಬೇಡ ಅನ್ನುವುದೂ ನಿಮ್ಮ ಹಕ್ಕು. ಮದುವೆಗೆ ಮೊದಲು ಹುಡುಗಿಗೆ ವಿಷಯ ಹೇಳಿ. ಇದು ನನ್ನ ಅಭಿಪ್ರಾಯ, ಗಟ್ಟಿಯಾದ ಅಭಿಪ್ರಾಯ.

ನಮ್ಮ ಪ್ರೆಸ್ಸಿನ ಎದುರು ಸಾಲಿನಲ್ಲಿ ಒಬ್ಬರು ಟೈಲರ್ ಇದ್ದರು. ನಲವತ್ತೈದರ ಹೊತ್ತಿಗೆ ಕೈ ಮಾತು ಕೇಳದಾಯಿತು. ಕತ್ತರಿ ಜಾರುತ್ತಿತ್ತು, ನಡೆದರೆ ತೂರಾಡುತ್ತಿದ್ದರು. ಕುಡಿದಿದ್ದಾನೆ ಅಂತ ಜನ ನಕ್ಕರು. ಒಂದು ಆಸ್ಪತ್ರೆಯಲ್ಲಿ ಬೈದು ಕಳಿಸಿದರು. ಅವರು ಜನ್ಮದಲ್ಲಿ ಕುಡಿದವರಲ್ಲ. ಅವರಿಗೆ ಇದ್ದದ್ದು ಯಾವ ಕಾಯಿಲೆ ಅಂತ ಇವತ್ತು ಹೇಳಲಾರೆ. ಆದರೆ ಅವರ ಹೆಂಡತಿ ಅಂಗಡಿ ಬಾಗಿಲು ಎಳೆದುಕೊಂಡು ಅಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಅಪ್ಪನನ್ನು ಯಾರಾದರೂ ಹಾಗೆ ಅಂದರೆ ಅಲ್ಲೇ ತಡೆದು ಹೇಳಿ. ಮುಂದೆ ಏನಾಯಿತು ಅಂತ ನನಗೆ ಬರೆಯಿರಿ. ಆ ಪತ್ರ ಅಚ್ಚಾಗುವುದಿಲ್ಲ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ನಮ್ಮ ಜನಾಂಗದ ಶುದ್ಧ ಮೂಲ ತಿಳಿಯುತ್ತದಂತೆ. ಈ ಸಾಲುಗಳ ಲೆಕ್ಕ ಜಾತಿಯಿಂದ ಜಾತಿಗೆ ಬೇರೆ ಇರುತ್ತದೆಯೇ?
(ದಾವಣಗೆರೆಯ ನಿವೃತ್ತ ನೌಕರರು)

2002ರಲ್ಲಿ ಪ್ರಪಂಚದ 52 ಜನಸಮುದಾಯಗಳ 1,056 ಜನರಲ್ಲಿ ಇಂಥ 377 ಜಾಗಗಳನ್ನು ಎಣಿಸಿದರು. ಸಿಕ್ಕಿದ ಒಟ್ಟು ವ್ಯತ್ಯಾಸದಲ್ಲಿ ಶೇ. 93ರಿಂದ 95 ಒಂದೇ ಸಮುದಾಯದ ಒಳಗಿನ ಜನರ ನಡುವೆಯೇ ಇತ್ತು. ದೋಸೆ ಹೋಟೆಲಿನ ಮುಂದೆ ಬೆಳಗ್ಗೆ ನಿಂತ ಸಾಲನ್ನು ನೆನೆಯಿರಿ. ನಿಮಗೂ ನಿಮ್ಮದೇ ಜಾತಿಯ ಪಕ್ಕದವರಿಗೂ ಇರುವ ವ್ಯತ್ಯಾಸವೇ ದೊಡ್ಡದು. ಜಾತಿ ದಾಟಿದರೆ, ದೇಶ ದಾಟಿದರೆ ಅದಕ್ಕೆ ಸೇರುವುದು ಸ್ವಲ್ಪ. ಆ ಸ್ವಲ್ಪವೂ ನಿಜವೇ. 377 ಜಾಗ ಒಟ್ಟಿಗೆ ನೋಡಿದರೆ ಒಬ್ಬರ ಹಿರೀಕರು ಯಾವ ಖಂಡದವರು ಅಂತ ಅಂದಾಜು ಸಿಗುತ್ತದೆ. ಆದರೆ ಒಂದು ಜಾತಿಯಲ್ಲಿ ಎಲ್ಲರಿಗೂ ಇದ್ದು ಬೇರೆ ಯಾರಿಗೂ ಇಲ್ಲದ ಲೆಕ್ಕ ಅಂತ ಒಂದಿಲ್ಲ.

ವೈವಿಧ್ಯ ಅತಿ ಹೆಚ್ಚು ಇರುವುದು ಆಫ್ರಿಕದಲ್ಲಿ. ಅಲ್ಲಿಂದ ದೂರ ಹೋದಷ್ಟೂ ಕಡಿಮೆ. ಪ್ರೆಸ್ಸಿನಲ್ಲಿ ಭಜನೆ ಪುಸ್ತಕದ ಹತ್ತು ಬಗೆಯ ಪ್ರತಿಗಳಿದ್ದು, ಊರು ಬಿಟ್ಟವರು ಮೂರು ಬಗೆ ಮಾತ್ರ ಚೀಲಕ್ಕೆ ಹಾಕಿಕೊಂಡರೆ ಹೊಸ ಊರಿನಲ್ಲಿ ಮೂರರಿಂದಲೇ ಶುರು. ಮನುಷ್ಯರು ಆಫ್ರಿಕದಿಂದ ಹೊರಟದ್ದೂ ಸಣ್ಣ ಸಣ್ಣ ಗುಂಪುಗಳಾಗಿ.

ಶುದ್ಧ ಮೂಲದ ಮಾತು. 2013ರಲ್ಲಿ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಸೇರಿ ಭಾರತದ ಅನೇಕ ಸಮುದಾಯಗಳ ಡಿಎನ್‌ಎ ನೋಡಿದರು. ಅವರು ನೋಡಿದ್ದು ಮರುಕಳಿಸುವ ಸಾಲುಗಳನ್ನಲ್ಲ, ಒಂಟಿ ಅಕ್ಷರಗಳನ್ನು. ಸುಮಾರು 4,200 ವರ್ಷದ ಹಿಂದಿನಿಂದ 1,900 ವರ್ಷದ ಹಿಂದಿನವರೆಗೆ ಇಲ್ಲಿ ಜನ ಧಾರಾಳವಾಗಿ ಬೆರೆತಿದ್ದಾರೆ. ಒಳಗೊಳಗೇ ಮದುವೆಯಾಗುವುದು ಬಿಗಿಯಾದದ್ದು ಆಮೇಲೆ. ಅಂದರೆ ನೀವು ಹುಡುಕುತ್ತಿರುವ ಶುದ್ಧ ಮೂಲ ಯಾವ ಜಾತಿಗೂ ಇಲ್ಲ. ಆ ಪರೀಕ್ಷೆಗೆ ದುಡ್ಡು ಹಾಕಬೇಡಿ ಸ್ವಾಮಿ. ಆ ದುಡ್ಡಿನಲ್ಲಿ ಮೊಮ್ಮಕ್ಕಳಿಗೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಡಿಸಿ.

ಪ್ರಶ್ನೆ: ಬರೀ ಮಂಡಕ್ಕಿ ಜಗಿಯುತ್ತಿದ್ದರೆ ಸಿಹಿಯಾಗುತ್ತದೆ. ಅದಕ್ಕೂ ಡಿಎನ್‌ಎಗೂ ಸಂಬಂಧ ಇದೆಯೇ?
(ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ)

ಇದೆಯಮ್ಮ. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಪ್ರೋಟೀನು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಇಲ್ಲಿ ಮರುಕಳಿಸುವುದು ಗಿಡ್ಡ ಪದ ಅಲ್ಲ, ಇಡೀ ಜೀನೇ. ಚಿಂಪಾಂಜಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೇ ಪ್ರತಿ. ಮನುಷ್ಯರಲ್ಲಿ ಒಬ್ಬರಿಗೆ ಎರಡಿದ್ದರೆ ಇನ್ನೊಬ್ಬರಿಗೆ ಹತ್ತು ದಾಟಿರಬಹುದು. ಹಿಂದಿನಿಂದ ಧಾನ್ಯ, ಗಡ್ಡೆ ಜಾಸ್ತಿ ತಿನ್ನುವ ಜನರಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಅಂತ 2007ರಲ್ಲಿ ತೋರಿಸಿದರು. ಪ್ರತಿ ಹೆಚ್ಚಿದ್ದರೆ ಎಂಜಲಿನಲ್ಲಿ ಅಮೈಲೇಸ್ ಕೂಡ ಸಾಮಾನ್ಯವಾಗಿ ಹೆಚ್ಚು.

ಚಿತ್ರದುರ್ಗದ ಹುಡುಗಿ ಪತ್ರದ ಕೊನೆಗೆ ಇನ್ನೊಂದು ಕೇಳಿದ್ದಾಳೆ: ‘ನಾನು ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?’

ಮನೆಯಲ್ಲಿ ಬೇಡ, ಕ್ಲಾಸಿನಲ್ಲಿ ಮಾಡು. ಒಂದು ಹಾಳೆಯಲ್ಲಿ ‘ತಕ’ ಅಂತ ಬಿಡುವಿಲ್ಲದೆ ಇಪ್ಪತ್ತೈದು ಸಲ ಬರೆ. ಅದರ ಕೆಳಗೆ ನಿನ್ನ ಪುಸ್ತಕದಿಂದ ಮರುಕಳಿಸುವ ಪದ ಇಲ್ಲದ ಐವತ್ತು ಅಕ್ಷರದ ಒಂದು ಮಾಮೂಲಿ ವಾಕ್ಯ. ಪಕ್ಕದವಳು ಎಣಿಸದೆ, ಬೆರಳಿಡದೆ, ಬರೀ ಕಣ್ಣಿನಲ್ಲಿ ನೋಡಿ ಬೇಗ ನಕಲು ಮಾಡಬೇಕು. ಮೊದಲ ಹಾಳೆ ಟೀಚರಿಗೆ ಕೊಡಿ. ಮೂರನೆಯವಳು ಎರಡನೆಯವಳ ಹಾಳೆ ಮಾತ್ರ ನೋಡಬೇಕು. ಹೀಗೆ ಹತ್ತು ಜನ. ಬೇರೆ ಬೆಂಚಿನಲ್ಲಿ ಅದೇ ಮೊದಲ ಹಾಳೆಯಿಂದ ಇನ್ನೊಂದು ಸಾಲು ಶುರುಮಾಡಿ. ಕೊನೆಗೆ ಪ್ರತಿ ಹಾಳೆಯಲ್ಲೂ ಎಷ್ಟು ‘ತಕ’ ಇದೆ, ಕೆಳಗಿನ ವಾಕ್ಯದಲ್ಲಿ ಎಷ್ಟು ಅಕ್ಷರ ತಪ್ಪಿದೆ ಅಂತ ಎಣಿಸಿ. ಆಮೇಲೆ ಹಾಳೆಗಳನ್ನು ಕಲೆಸಿ, ಹೆಸರು ನೋಡದೆ, ಯಾವುದು ಯಾವುದರ ನಕಲು ಅಂತ ಹೇಳಲು ಆಗುತ್ತದಾ ನೋಡಿ. ಎಲ್ಲ ಹಾಳೆಗಳನ್ನೂ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರು ಬರೆದು ಕಳಿಸಿ. ತಪ್ಪು ಕಂಡರೆ ತಿದ್ದಬೇಡಿ, ನನಗೆ ಬೇಕಾದದ್ದು ಅದೇ.